ಪಟ್ಟಣದ ಎರಡು ದಿನಗಳಿಗೆ ಎಷ್ಟು ಹಣ ಬೇಕು?

ಚಳಿಗಾಲ ಕಾಲಿಟ್ಟಿತೆಂದರೆ ನಮ್ಮ ಶಾಲಾ ಕಾಲೇಜುಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ದೂರದ ತಾಲ್ಲೂಕು ಕೇಂದ್ರಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಬೆಂಗಳೂರನ್ನು ಎರಡು ದಿನ ಕಣ್ತುಂಬ ನೋಡಿಬರುವುದೆಂದರೆ ಅದೇನೂ ಸಣ್ಣ ಸಂಗತಿಯಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಜವಾಹರಲಾಲ್ ನೆಹರು ತಾರಾಲಯ, ಲಾಲ್‌ಬಾಗಿನಲ್ಲಿ ತಲೆಯೆತ್ತಿ ನಿಂತಿರುವ ಸುಮಾರು 300 ಕೋಟಿ ವರ್ಷ ವಯಸ್ಸಿನ ಬಂಡೆ — ಇವನ್ನು ಪುಸ್ತಕದಲ್ಲಿ ಓದುವುದು ಒಂದು ಬಗೆ, ಎದುರಿಗೆ ನಿಂತು ನೋಡುವುದು ಮತ್ತೊಂದು ಬಗೆ. ವಿಜ್ಞಾನವನ್ನು ಕಲಿಯುವವರಿಗೆ ಇಂಥ ಪ್ರವಾಸ ಪಾಠದ ಒಂದು ಭಾಗವೇ ಆಗಿದೆಯೆಂಬುದರಲ್ಲಿ ಸಂದೇಹವಿಲ್ಲ.

ಪ್ರವಾಸದ ಪ್ರಕಟಣೆಯು ಸೂಚನಾಫಲಕದ ಮೇಲೆ ಬಂದಾಗ ಅದರ ಕೊನೆಯ ಸಾಲನ್ನು ವಿದ್ಯಾರ್ಥಿಗಳು ಎಲ್ಲಕ್ಕಿಂತ ಹೆಚ್ಚು ಗಮನವಿಟ್ಟು ಓದುತ್ತಾರೆ. "ಪ್ರಯಾಣ ಮತ್ತು ವಸತಿಯ ವೆಚ್ಚವಲ್ಲದೆ ಕೈಖರ್ಚಿಗೆ 800 ರೂಪಾಯಿ ತರತಕ್ಕದ್ದು" ಎಂಬುದೇ ಆ ಸಾಲು. ಈ 800 ಎಲ್ಲಿಂದ ಬಂದಿತು? ಯಾರು ಅಳೆದರು? ಅದು 700 ಆಗಬಹುದೆ, 1100 ಆಗಬಹುದೆ? ಈ ಪ್ರಶ್ನೆಗಳನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಪ್ರಯೋಗಶಾಲೆಯಲ್ಲಿ ತಂತಿಯೊಂದರ ವ್ಯಾಸವನ್ನು ಅಳೆದ ವಿದ್ಯಾರ್ಥಿಯು ಆ ಅಳತೆಯ ಮುಂದೆ ಅದರ ಅನಿಶ್ಚಿತತೆಯನ್ನು ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ. ಅದೇ ನಾವು ಪ್ರಯೋಗಶಾಲೆಯಿಂದ ಹೊರಗೆ ಬಂದು, ವಿದ್ಯಾರ್ಥಿಯ ಮನೆಯ ಗಂಟಿಗೆ ಸಂಬಂಧಿಸಿದ ಸಂಖ್ಯೆಯೊಂದನ್ನು ಬರೆಯುವಾಗ ಆ ನಿಯಮವನ್ನು ಮರೆತುಬಿಡುತ್ತೇವೆ.

ಕೈಖರ್ಚಿನ ಅಂದಾಜೂ ಒಂದು ಅಳತೆಯೇ ಸರಿ. ಅದನ್ನು ಅಳತೆಯೆಂದೇ ಭಾವಿಸಿ, ಅದರ ದೋಷವನ್ನು ಲೆಕ್ಕಹಾಕಿ, ಆ ದೋಷದ ಭಾರವನ್ನು ಒಬ್ಬೊಬ್ಬರ ತಲೆಯ ಮೇಲೆ ಹೊರಿಸದೆ ಎಲ್ಲರೂ ಕೂಡಿ ಹೊತ್ತರೆ, ಕಡಿಮೆ ಹಣದಲ್ಲಿ ಹೆಚ್ಚು ಮಂದಿ ನಿಶ್ಚಿಂತೆಯಿಂದ ಪ್ರವಾಸ ಮಾಡಬಹುದು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ.

ನಮ್ಮದೇ ಒಂದು ತಪ್ಪು

ಈ ಮಾತು ನಮಗೆ ಪುಸ್ತಕದಿಂದ ಹೊಳೆದುದಲ್ಲ. 2025ರ ಫೆಬ್ರವರಿ ತಿಂಗಳ ಕೊನೆಯಲ್ಲಿ ನಾವು 25 ಮಂದಿ ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು. ಕೈಖರ್ಚಿಗೆ 800 ರೂಪಾಯಿ ಎಂದು ಬರೆದವರು ನಾವೇ. ಹಿಂದಿನ ವರ್ಷದ ಚೀಟಿಯೊಂದು ಮೇಜಿನ ಖಾನೆಯಲ್ಲಿತ್ತು. ಅದನ್ನೇ ನೋಡಿ ಬರೆದೆವು. ಆದರೆ ನಡುವೆ ಏನೇನು ನಡೆದಿತ್ತೆಂಬುದನ್ನು ನಾವು ವಿಚಾರಿಸಿರಲಿಲ್ಲ. ಆ ವರ್ಷದ ಜನವರಿ 5ರಿಂದ ರಾಜ್ಯದ ಸರ್ಕಾರಿ ಬಸ್ಸುಗಳ ದರ ಶೇಕಡಾ 15ರಷ್ಟು ಏರಿತ್ತು. ಫೆಬ್ರವರಿ 9ರಿಂದ ಮೆಟ್ರೋ ರೈಲಿನ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಗಿತ್ತು. ಊಟದ ಬೆಲೆ ತನ್ನಷ್ಟಕ್ಕೆ ತಾನು ಏರಿತ್ತು.

ಎರಡನೆಯ ದಿನದ ಸಂಜೆ ಬಸ್ಸು ಹತ್ತುವ ಮುನ್ನ ಎಲ್ಲರೂ ಊಟಕ್ಕೆಂದು ಒಂದು ಹೋಟೆಲಿಗೆ ಹೋದಾಗ ಒಬ್ಬ ಹುಡುಗ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕುಳಿತುಕೊಂಡ. "ಯಾಕಪ್ಪಾ?" ಎಂದು ಕೇಳಿದರೆ "ಹಸಿವಿಲ್ಲ ಸಾರ್" ಎಂದ. ನಾವು ನಂಬಿದೆವು. ಅವನು ಮಧ್ಯಾಹ್ನದಿಂದ ಏನನ್ನೂ ತಿಂದಿರಲಿಲ್ಲವೆಂದೂ, ಬೆಳಗಿನ ಜಾವ ನಮ್ಮ ಊರಿನಲ್ಲಿ ಇಳಿದ ಮೇಲೆ ತನ್ನ ಹಳ್ಳಿಯ ಬಸ್ಸಿಗೆ ಬೇಕಾದ ಹಣವನ್ನಷ್ಟೇ ಉಳಿಸಿಕೊಂಡು ಕುಳಿತಿದ್ದನೆಂದೂ ಅವನ ಗೆಳೆಯ ವಾರದ ಮೇಲೆ ನಮಗೆ ಹೇಳಿದ. ಅದೇ ಗೆಳೆಯನಿಂದ ಮತ್ತೊಂದು ಸಂಗತಿಯೂ ತಿಳಿಯಿತು. ಚೆನ್ನಾಗಿ ಓದುವ ಹುಡುಗಿಯೊಬ್ಬಳು ಪ್ರವಾಸಕ್ಕೆ ಹೆಸರನ್ನೇ ಕೊಟ್ಟಿರಲಿಲ್ಲ. "ಅವರು 800 ಅಂದರೆ ಅಲ್ಲಿಗೆ ಹೋದ ಮೇಲೆ 1500 ಆಗುತ್ತದೆ, ನಮ್ಮ ಮನೆಯಲ್ಲಿ ಅಷ್ಟಿಲ್ಲ" ಎಂದಿದ್ದಳಂತೆ. ಅವಳ ಅಂದಾಜು ನಮ್ಮ ಅಂದಾಜಿಗಿಂತ ವೈಜ್ಞಾನಿಕವಾಗಿತ್ತೆಂದು ಈಗ ಒಪ್ಪಿಕೊಳ್ಳಬೇಕಾಗಿದೆ. ನಾವು ಹೇಳದೆ ಬಿಟ್ಟ ಅನಿಶ್ಚಿತತೆಯನ್ನು ಅವಳು ತಾನೇ ಸೇರಿಸಿಕೊಂಡಿದ್ದಳು.

ಇಲ್ಲಿ ಗಮನಿಸಬೇಕಾದುದೊಂದಿದೆ. ಸಂಖ್ಯೆಯನ್ನು ಕಡಿಮೆ ಹೇಳಿದರೆ ಬಡ ವಿದ್ಯಾರ್ಥಿ ಉಪವಾಸವಿರುತ್ತಾನೆ. "ಭದ್ರತೆಗೆ ಇರಲಿ" ಎಂದು ಹೆಚ್ಚು ಹೇಳಿದರೆ ಅದೇ ಬಡ ವಿದ್ಯಾರ್ಥಿ ಮನೆಯಲ್ಲಿ ಉಳಿಯುತ್ತಾನೆ. ತಪ್ಪು ಯಾವ ಕಡೆಗಾದರೂ ಪೆಟ್ಟು ಬೀಳುವುದು ಒಂದೇ ತಲೆಯ ಮೇಲೆ. ಆದುದರಿಂದ "ಇದೆಲ್ಲ ಚಿಲ್ಲರೆ ವಿಷಯ, ಇದಕ್ಕೆಲ್ಲ ಗಣಿತವೇಕೆ?" ಎನ್ನುವವರ ಮಾತನ್ನು ನಾವು ಒಪ್ಪಲಾರೆವು. ಚಿಲ್ಲರೆಯೇ ಬಂಡವಾಳವಾಗಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಸಂಖ್ಯೆಯ ಜೊತೆಗೆ ಅದರ ದೋಷ

ಹಾಗಾದರೆ ಅಂದಾಜನ್ನು ಮಾಡುವುದು ಹೇಗೆ? ಉದಾಹರಣೆಗೆ ಎರಡು ಹಗಲು ಒಂದು ರಾತ್ರಿಯ ಪ್ರವಾಸವನ್ನು ತೆಗೆದುಕೊಳ್ಳೋಣ. ಊರಿಂದೂರಿಗೆ ಹೋಗುವ ಬಸ್ಸಿನ ಹಣ, ರಾತ್ರಿ ತಂಗುವ ಸ್ಥಳದ ಹಣ ಇವೆರಡೂ ಮುಂಚೆಯೇ ತೀರ್ಮಾನವಾಗಿರುತ್ತವೆ; ಅವುಗಳಲ್ಲಿ ಅನಿಶ್ಚಿತತೆಯಿಲ್ಲ. ಉಳಿದುದು ಕೈಖರ್ಚು. ಕೆಳಗಿನ ಬೆಲೆಗಳು ಲೆಕ್ಕದ ದಾರಿಯನ್ನು ತೋರಿಸುವುದಕ್ಕಾಗಿ ನಾವು ಇಟ್ಟುಕೊಂಡವು. ನಿಮ್ಮ ಪ್ರವಾಸದ ಬೆಲೆಗಳನ್ನು ನೀವೇ ವಿಚಾರಿಸಿ ಹಾಕಿಕೊಳ್ಳತಕ್ಕದ್ದು.

ಮೊದಲನೆಯದು ಊಟ ತಿಂಡಿ. ಎರಡು ಬೆಳಗಿನ ತಿಂಡಿಗೆ 60ರಂತೆ 120, ಮೂರು ಊಟಕ್ಕೆ 110ರಂತೆ 330, ನಾಲ್ಕು ಸಲ ಕಾಫಿಗೆ 20ರಂತೆ 80, ಒಟ್ಟು 530. ಎರಡನೆಯದು ಪಟ್ಟಣದೊಳಗಿನ ಓಡಾಟ, 170. ಮೂರನೆಯದು ಪ್ರವೇಶದ ಟಿಕೆಟ್ಟುಗಳು, 200. ನಾಲ್ಕನೆಯದು ನೀರು, ತಲೆನೋವಿನ ಮಾತ್ರೆ, ಸಾಮಾನು ಇಡುವ ಬಾಡಿಗೆ ಮುಂತಾದ ಇತರ ಖರ್ಚು, 100. ಇವೆಲ್ಲವೂ ಸೇರಿ 1000 ರೂಪಾಯಿ.

ಇಷ್ಟಕ್ಕೇ ನಿಲ್ಲುವುದು ವಾಡಿಕೆ. ಆದರೆ ಪ್ರತಿಯೊಂದು ಬಾಬಿನ ಮುಂದೆಯೂ "ಇದು ಎಷ್ಟರಮಟ್ಟಿಗೆ ಅತ್ತಿತ್ತ ಆಗಬಹುದು?" ಎಂಬ ಪ್ರಶ್ನೆಯನ್ನು ಬರೆದುಕೊಳ್ಳಬೇಕು. ಟಿಕೆಟ್ಟಿನ ದರ ಬಹುಮಟ್ಟಿಗೆ ನಿಶ್ಚಿತ. ಅಲ್ಲಿ 20 ರೂಪಾಯಿ ಏರುಪೇರಾದರೆ ಹೆಚ್ಚು. ಊಟದಲ್ಲಿ ಹಸಿವೂ ಉಂಟು, ಹೋಟೆಲೂ ಉಂಟು, 80 ಎನ್ನೋಣ. ಓಡಾಟದಲ್ಲಿ 50, ಇತರ ಖರ್ಚಿನಲ್ಲಿ 30.

ಈಗ ಒಟ್ಟು ದೋಷವೆಷ್ಟು? 80, 50, 20, 30 ಇವನ್ನು ಕೂಡಿದರೆ 180 ಆಗುತ್ತದೆ. ಆದರೆ ನಾಲ್ಕು ಬಾಬುಗಳೂ ಒಂದೇ ಸಲ ಒಂದೇ ದಿಕ್ಕಿನಲ್ಲಿ ತಪ್ಪುವುದು ಅಪರೂಪ. ಊಟಕ್ಕೆ ಹೆಚ್ಚು ಹೋದ ದಿನವೇ ಬಸ್ಸಿಗೂ ಹೆಚ್ಚು ಹೋಗಬೇಕೆಂಬ ನಿಯಮವೇನೂ ಇಲ್ಲ. ಪರಸ್ಪರ ಸಂಬಂಧವಿಲ್ಲದ ದೋಷಗಳನ್ನು ಕೂಡುವ ಕ್ರಮವೇ ಬೇರೆ. ಒಂದು ಹೆಜ್ಜೆಯನ್ನು ಪೂರ್ವಕ್ಕೂ ಇನ್ನೊಂದನ್ನು ಉತ್ತರಕ್ಕೂ ಇಟ್ಟವನು ಹೊರಟ ಸ್ಥಳದಿಂದ ಎರಡು ಹೆಜ್ಜೆ ದೂರವಿರುವುದಿಲ್ಲ. ಲಂಬಕೋನ ತ್ರಿಭುಜದ ಕರ್ಣದಷ್ಟು ದೂರವಿರುತ್ತಾನೆ. ಸ್ವತಂತ್ರವಾದ ದೋಷಗಳೂ ಹೀಗೆಯೇ ಕೂಡುತ್ತವೆ. ಒಂದೊಂದನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲವನ್ನು ತೆಗೆಯಬೇಕು. 6400, 2500, 400, 900 ಇವುಗಳ ಮೊತ್ತ 10,200. ಇದರ ವರ್ಗಮೂಲ ಸುಮಾರು 100.

ಹೀಗಾಗಿ ನಮ್ಮ ಅಂದಾಜು 1000 ರೂಪಾಯಿ, ಅದರಿಂದಾಚೆಗೆ ಈಚೆಗೆ 100 ರೂಪಾಯಿ. ಇದರ ಅರ್ಥವನ್ನೂ ಸರಿಯಾಗಿ ತಿಳಿಯಬೇಕು. ಮೂವರಲ್ಲಿ ಸುಮಾರು ಇಬ್ಬರ ಖರ್ಚು 900ರಿಂದ 1100ರ ಒಳಗಿರುತ್ತದೆ. ಇಮ್ಮಡಿ ದೋಷವನ್ನು ಹಿಡಿದರೆ 100 ಜನರಲ್ಲಿ ಸುಮಾರು 95 ಜನರ ಖರ್ಚು 800ರಿಂದ 1200ರ ಒಳಗಿರುತ್ತದೆ. ಒಬ್ಬನೇ ಹೊರಟವನು ನಿಶ್ಚಿಂತೆಯಿಂದ ಇರಬೇಕಾದರೆ 1200 ರೂಪಾಯಿ ಕಟ್ಟಿಕೊಂಡು ಹೊರಡಬೇಕೆಂದಾಯಿತು. ಇನ್ನೊಂದು ಮಾತು: ಊಟದ 80 ರೂಪಾಯಿಯ ದೋಷವೇ ಇಲ್ಲಿ ಮುಖ್ಯ, ಟಿಕೆಟ್ಟಿನ 20 ರೂಪಾಯಿಯ ದೋಷ ಮೊತ್ತವನ್ನು ಮುಟ್ಟುವುದೇ ಇಲ್ಲ. ಆದುದರಿಂದ ವಿಚಾರಣೆಗೆ ಇರುವ ಅಲ್ಪ ಕಾಲವನ್ನು ಟಿಕೆಟ್ಟಿನ ದರದ ಮೇಲೆ ಕಳೆಯದೆ, ಎಲ್ಲಿ ಊಟ ಮಾಡುವುದೆಂಬುದನ್ನು ಗೊತ್ತುಮಾಡುವುದಕ್ಕೆ ಬಳಸಬೇಕು.

ಒಂದೇ ಕಡೆಗೆ ವಾಲುವ ತಪ್ಪು

ದೋಷಗಳಲ್ಲಿ ಎರಡು ಬಗೆಯೆಂಬುದನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೀರಿ. ಆಕಸ್ಮಿಕ ದೋಷ ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಿಮೆಯಾಗಿಯೂ ಬರುತ್ತದೆ. ಹಲವು ಸಲ ಅಳೆದು ಸರಾಸರಿ ತೆಗೆದರೆ ತಗ್ಗುತ್ತದೆ. ವ್ಯವಸ್ಥಿತ ದೋಷ ಹಾಗಲ್ಲ. ವರ್ನಿಯರ್ ಕ್ಯಾಲಿಪರಿನ ಶೂನ್ಯವೇ ಸರಿಯಾಗಿ ಕೂಡದಿದ್ದರೆ ಸಾವಿರ ಸಲ ಅಳೆದರೂ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಹಳೆಯ ಚೀಟಿಯನ್ನು ನೋಡಿ ನಾವು ಬರೆದ 800 ಇಂಥ ಶೂನ್ಯದೋಷ. 25 ಮಂದಿಯಲ್ಲಿ ಯಾರಿಗೂ ಹಣ ಮಿಗಲಿಲ್ಲ. ಎಲ್ಲರಿಗೂ ಕಡಿಮೆಯೇ ಬಿತ್ತು.

ಈ ದೋಷಕ್ಕೆ ಬೆಲೆ ಏರಿಕೆಯೊಂದೇ ಕಾರಣವಲ್ಲ. ಮನುಷ್ಯನ ಮನಸ್ಸೂ ಕಾರಣ. ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಇದಕ್ಕೆ ಒಂದು ಹೆಸರನ್ನೇ ಕೊಟ್ಟರು. ಅದನ್ನು ಕನ್ನಡದಲ್ಲಿ ಯೋಜನೆಯ ಭ್ರಮೆ ಎನ್ನಬಹುದು. ಕೆಲಸವೊಂದನ್ನು ಯೋಚಿಸುವಾಗ ನಾವು ಎಲ್ಲವೂ ಸುಗಮವಾಗಿ ನಡೆಯುವ ಚಿತ್ರವನ್ನೇ ಕಣ್ಣಮುಂದೆ ತಂದುಕೊಳ್ಳುತ್ತೇವೆ. ಹಿಂದೆ ಅಂಥ ಕೆಲಸಕ್ಕೆ ನಿಜವಾಗಿ ಎಷ್ಟು ಹಿಡಿಯಿತೆಂಬುದನ್ನು ನೆನೆಯುವುದಿಲ್ಲ. ರೋಜರ್ ಬ್ಯೂಲರ್ ಮತ್ತು ಅವರ ಸಂಗಡಿಗರು 1994ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ವಿದ್ಯಾರ್ಥಿಗಳ ಮೇಲೆಯೇ ನಡೆದುದು. ಪದವಿಯ ಕೊನೆಯ ಪ್ರಬಂಧವನ್ನು ಬರೆದು ಮುಗಿಸಲು ಎಷ್ಟು ದಿನ ಬೇಕೆಂದು ಅವರು ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ಹೋದರೆ ಎಷ್ಟು ಎಂದು ಕೇಳಿದಾಗ ಬಂದ ಸರಾಸರಿ ಸುಮಾರು 49 ದಿನ. ನಿಜವಾಗಿ ಹಿಡಿದುದು ಸುಮಾರು 55 ದಿನ! ಅತ್ಯಂತ ಕೆಟ್ಟ ಊಹೆಯನ್ನೂ ವಾಸ್ತವವು ಮೀರಿಸಿತ್ತು. ಕಾಲದ ಅಂದಾಜಿನಲ್ಲಿ ಕಂಡ ಈ ಸ್ವಭಾವ ಹಣದ ಅಂದಾಜಿನಲ್ಲಿ ನಮ್ಮನ್ನು ಬಿಟ್ಟೀತೆಂದು ನಂಬುವುದಕ್ಕೆ ಕಾರಣವಿಲ್ಲ.

ಇದಕ್ಕೆ ಮದ್ದೂ ಇದೆ. ಹಿಂದಿನ ಪ್ರವಾಸದಲ್ಲಿ ಅಂದಾಜು ಎಷ್ಟಿತ್ತು, ಖರ್ಚು ಎಷ್ಟಾಯಿತು ಎಂಬೆರಡು ಸಂಖ್ಯೆಗಳನ್ನು ಬರೆದಿಡುವುದೇ ಆ ಮದ್ದು. ಅಂದಾಜು 800 ಇದ್ದು ಖರ್ಚು 1000 ಆಗಿದ್ದರೆ, ಅನುಪಾತ 1.25. ಮುಂದಿನ ಸಲ ಎಷ್ಟೇ ಬುದ್ಧಿವಂತಿಕೆಯಿಂದ ಅಂದಾಜು ಮಾಡಿದರೂ ಈ ಅನುಪಾತದಿಂದ ಗುಣಿಸಿ ಒಮ್ಮೆ ನೋಡಬೇಕು. ಪ್ರತಿಯೊಂದು ಕಾಲೇಜಿನಲ್ಲಿಯೂ ಪ್ರವಾಸದ ಚಿತ್ರಗಳು ಗೋಡೆಯ ಮೇಲಿರುತ್ತವೆ. ಪ್ರವಾಸದ ಲೆಕ್ಕ ಮಾತ್ರ ಎಲ್ಲಿಯೂ ಇರುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಚಿತ್ರದ ಪಕ್ಕದಲ್ಲಿ ಲೆಕ್ಕವನ್ನೂ ತೂಗುಹಾಕಬೇಕು.

ಎರಡು ತಂಡ, ಎರಡು ಅಂದಾಜು

ಅಂದಾಜನ್ನು ಮಾಡತಕ್ಕವರು ಯಾರು? ಉಪಾಧ್ಯಾಯರಲ್ಲ, ವಿದ್ಯಾರ್ಥಿಗಳೇ. ಇಲ್ಲಿ ನಮ್ಮ ದೇಶದ ಒಬ್ಬ ಮಹನೀಯರಿಂದ ಕಲಿಯಬೇಕಾದ ಪಾಠವೊಂದಿದೆ. ಪ್ರಶಾಂತಚಂದ್ರ ಮಹಲನೋಬಿಸರು (1893–1972) ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು. 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು. ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವ ಕ್ರಮವನ್ನು ಬೆಳೆಸಿದರು. ಮನೆಮನೆಯ ಖರ್ಚುವೆಚ್ಚವನ್ನು ಕೇಳಿ ತಿಳಿಯುವ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾದುದೂ ಅವರ ಪ್ರಯತ್ನದಿಂದಲೇ.

ಅವರ ಕ್ರಮದಲ್ಲಿ ಎರಡು ಸೂತ್ರಗಳು ನಮಗೆ ಉಪಯುಕ್ತ. ದೊಡ್ಡ ಸಮೀಕ್ಷೆಗೆ ಮೊದಲು ಸಣ್ಣದೊಂದನ್ನು ನಡೆಸಿ ನೋಡಬೇಕೆಂಬುದು ಒಂದು. ಒಂದೇ ಪ್ರದೇಶವನ್ನು ಎರಡು ತಂಡಗಳು ಬೇರೆಬೇರೆಯಾಗಿ, ಒಬ್ಬರದು ಒಬ್ಬರಿಗೆ ತಿಳಿಯದಂತೆ ಅಳೆದು, ಎರಡು ಫಲಿತಾಂಶಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದು ಇನ್ನೊಂದು. ಎರಡಕ್ಕೂ ಇರುವ ಅಂತರವೇ ಅಳತೆ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹವೆಂಬುದನ್ನು ಹೇಳುತ್ತದೆ.

ಪ್ರವಾಸಕ್ಕೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ತರಗತಿಯಲ್ಲಿ ಐವರ ಎರಡು ತಂಡಗಳನ್ನು ಮಾಡಿ. ಎರಡೂ ತಂಡಗಳು ಒಂದು ವಾರದಲ್ಲಿ ತಮ್ಮ ತಮ್ಮ ಅಂದಾಜನ್ನು ದೋಷಸಹಿತವಾಗಿ ಬರೆದು ಲಕೋಟೆಯಲ್ಲಿಟ್ಟು ಕೊಡಲಿ. ಬೆಂಗಳೂರಿನಲ್ಲಿ ಓದುವ ಅಥವಾ ದುಡಿಯುವ ಅಣ್ಣಂದಿರು, ಅಕ್ಕಂದಿರು ಪ್ರತಿಯೊಂದು ತಾಲ್ಲೂಕಿನಿಂದಲೂ ಇದ್ದೇ ಇರುತ್ತಾರೆ. ಅವರನ್ನು ಕೇಳಿದರೆ ಊಟದ ಇಂದಿನ ಬೆಲೆ ತಿಳಿಯುತ್ತದೆ. ಮೆಟ್ರೋ ದರವನ್ನು ಕೈಯಲ್ಲಿರುವ ಫೋನಿನಲ್ಲಿಯೇ ನೋಡಬಹುದು. ಎರಡು ಲಕೋಟೆಗಳನ್ನೂ ಒಡೆದಾಗ ಒಂದರಲ್ಲಿ 950, ಇನ್ನೊಂದರಲ್ಲಿ 1030 ಇದ್ದರೆ ಸಂತೋಷ. ಒಂದರಲ್ಲಿ 700, ಇನ್ನೊಂದರಲ್ಲಿ 1300 ಇದ್ದರೆ ಇನ್ನೂ ಸಂತೋಷ; ಏಕೆಂದರೆ ತಪ್ಪು ಊರಿನಲ್ಲಿಯೇ ಸಿಕ್ಕಿಬಿದ್ದಿತು, ಪಟ್ಟಣಕ್ಕೆ ಹೋದ ಮೇಲಲ್ಲ.

ಕೂಡಿ ಹೊತ್ತರೆ ಹಗುರ

ಈಗ ಮುಖ್ಯವಾದ ಮಾತಿಗೆ ಬರೋಣ. ಒಬ್ಬೊಬ್ಬನೂ ತನ್ನ ಭದ್ರತೆಗೆಂದು 200 ರೂಪಾಯಿ ಹೆಚ್ಚಾಗಿ ತರಬೇಕೆಂದು ಹೇಳಿದೆವಷ್ಟೆ. 25 ಮಂದಿಗೆ ಇದು 5000 ರೂಪಾಯಿ. ಇಷ್ಟೂ ಹಣ ನಿಜವಾಗಿ ಬೇಕೆ? ಬೇಕಿಲ್ಲ. ಒಬ್ಬ ಎರಡು ದೋಸೆ ತಿಂದರೆ ಇನ್ನೊಬ್ಬಳು ಒಂದು ಇಡ್ಲಿಗೆ ಸಾಕೆನ್ನುತ್ತಾಳೆ. ಒಬ್ಬರ ಹೆಚ್ಚಳವನ್ನು ಇನ್ನೊಬ್ಬರ ಉಳಿತಾಯ ಬಹುಪಾಲು ತುಂಬಿಕೊಡುತ್ತದೆ. ಮೊತ್ತದ ದೋಷ ಜನರ ಸಂಖ್ಯೆಯಷ್ಟು ಬೆಳೆಯುವುದಿಲ್ಲ, ಅದರ ವರ್ಗಮೂಲದಷ್ಟು ಮಾತ್ರ ಬೆಳೆಯುತ್ತದೆ. 25ರ ವರ್ಗಮೂಲ 5. ಆದುದರಿಂದ 25,000 ರೂಪಾಯಿಯ ಒಟ್ಟು ಖರ್ಚಿನ ದೋಷ 2500 ಅಲ್ಲ, ಕೇವಲ 500. ಇದರ ಇಮ್ಮಡಿ 1000. ತಲೆಗೆ 40 ರೂಪಾಯಿ.

ಒಬ್ಬನೇ ಹೊತ್ತರೆ 200, ಎಲ್ಲರೂ ಕೂಡಿ ಹೊತ್ತರೆ 40. ಭದ್ರತೆ ಎರಡರಲ್ಲಿಯೂ ಒಂದೇ. ಈ ಲೆಕ್ಕದಲ್ಲಿ ಮೋಡಿಯೇನೂ ಇಲ್ಲ. ವಿಮೆಯ ವ್ಯವಹಾರವೆಲ್ಲ ಇದೇ ತತ್ತ್ವದ ಮೇಲೆ ನಿಂತಿದೆ. ಲೋಲಕದ ಒಂದು ಆಂದೋಲನವನ್ನು ಅಳೆಯದೆ ಇಪ್ಪತ್ತನ್ನು ಅಳೆಯುವುದರಲ್ಲಿರುವ ವಿವೇಕವೂ ಇದಕ್ಕೆ ದೂರದ ನೆಂಟನಲ್ಲ.

ಆದರೆ ಈ ನಿಯಮಕ್ಕೆ ಒಂದು ಎಲ್ಲೆಯಿದೆ. ಎಲ್ಲರಿಗೂ ಒಟ್ಟಿಗೆ ಬರುವ ಕಷ್ಟವನ್ನು ಇದು ತಗ್ಗಿಸಲಾರದು. ಸಂಜೆ ಜೋರಾಗಿ ಮಳೆ ಹಿಡಿದು ಬಸ್ಸು ಸಿಗದೆ ಹೋದರೆ 25 ಮಂದಿಯೂ ಆಟೋ ಹತ್ತಬೇಕಾಗುತ್ತದೆ. ಒಂದು ಆಟೋಗೆ ಮೂವರಂತೆ 9 ಆಟೋ, ಒಂದಕ್ಕೆ 150 ರೂಪಾಯಿಯಂತೆ 1350, ತಲೆಗೆ 54. ಇಂಥ ಒಂದು ಆಪತ್ತಿಗೆಂದು ತಲೆಗೆ 60 ರೂಪಾಯಿಯನ್ನು ಬೇರೆಯಾಗಿ ಎತ್ತಿಡಬೇಕು. ಆಗ ಒಬ್ಬೊಬ್ಬರ ಪಾಲು 1000, 40, 60 ಸೇರಿ 1100 ರೂಪಾಯಿ. ಒಂಟಿಯಾಗಿ ಹೊರಟವನಿಗಾದರೆ ಇದೇ ಭದ್ರತೆಗೆ 1260 ಬೇಕಾಗುತ್ತಿತ್ತು. ಉಳಿದ 160 ರೂಪಾಯಿ ಕೂಲಿ ಮಾಡಿ ಬದುಕುವ ಮನೆಯಲ್ಲಿ ಸಣ್ಣ ಮೊತ್ತವಲ್ಲ.

ಆದುದರಿಂದ ನಮ್ಮ ಸಲಹೆ ಇದು: ಊಟ, ಓಡಾಟ, ಟಿಕೆಟ್ಟು, ಇತರ ಖರ್ಚು ಈ ನಾಲ್ಕು ಬಾಬುಗಳ ಹಣವನ್ನೂ ಹೊರಡುವ ಮುನ್ನ ಒಂದೇ ಗಂಟಿಗೆ ಹಾಕಬೇಕು. ವಿದ್ಯಾರ್ಥಿಗಳೇ ಆರಿಸಿದ ಇಬ್ಬರು ಅದನ್ನು ಹಿಡಿದು, ಬಿಲ್ಲುಗಳನ್ನು ಒಟ್ಟಾಗಿ ತೆರಬೇಕು. ಹೀಗೆ ಮಾಡಿದರೆ ಯಾರೂ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. "ಹಸಿವಿಲ್ಲ" ಎಂದು ಹೇಳಬೇಕಾಗಿಯೂ ಇಲ್ಲ.

ಕೆಲವು ಆಕ್ಷೇಪಣೆಗಳು

ಸಾಮಾನ್ಯ ಗಂಟಿನ ಹೆಸರಿನಲ್ಲಿ ಒಬ್ಬ ಐಸ್‌ಕ್ರೀಂ ತಿಂದು ಇನ್ನೊಬ್ಬ ತೆರಬೇಕೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಅಗತ್ಯಕ್ಕೂ ಆಸೆಗೂ ಗೆರೆ ಎಳೆಯಲೇಬೇಕು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕ, ಎಸ್.ಪಿ. ರಸ್ತೆಯ ವಿದ್ಯುತ್ ಬಿಡಿಭಾಗ, ತಂಗಿಗೆ ಬಳೆ, ನಾಲಗೆಗೆ ಐಸ್‌ಕ್ರೀಂ — ಇವು ಅವರವರ ಜೇಬಿನವು. ಅದರಲ್ಲಿ ಎಷ್ಟಿದೆಯೆಂದು ಯಾರೂ ಕೇಳತಕ್ಕದ್ದಲ್ಲ; ಏನೂ ಇಲ್ಲದವನಿಗೂ ಪ್ರವಾಸ ಅಪೂರ್ಣವಾಗತಕ್ಕದ್ದಲ್ಲ.

ಇನ್ನೊಂದು ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ, ಮೆಟ್ರೋದಲ್ಲಿ ಹಾಗಿಲ್ಲ. ತಂಡದಲ್ಲಿ ಅರ್ಧದಷ್ಟು ವಿದ್ಯಾರ್ಥಿನಿಯರಿದ್ದರೆ, ಮೆಟ್ರೋದ ಬದಲು ನಗರದ ಸಾಮಾನ್ಯ ಬಸ್ಸನ್ನು ಹಿಡಿದಾಗ ಓಡಾಟದ ಖರ್ಚು ಬಹಳ ಇಳಿಯುತ್ತದೆ. ಕಾಲ ಮಾತ್ರ ಹೆಚ್ಚು ಹಿಡಿಯುತ್ತದೆ. ಈ ಉಳಿತಾಯ ವಿದ್ಯಾರ್ಥಿನಿಯರಿಗೆ ಮಾತ್ರ ಸೇರಬೇಕೆ, ಎಲ್ಲರಿಗೂ ಹಂಚಿಹೋಗಬೇಕೆ? ನಮಗೆ ತೋರುವಂತೆ ಗಂಟು ಸಾಮಾನ್ಯವಾದ ಮೇಲೆ ಉಳಿತಾಯವೂ ಸಾಮಾನ್ಯವೇ. ಆದರೂ ಇದನ್ನು ತೀರ್ಮಾನಿಸಬೇಕಾದವರು ಆ ವಿದ್ಯಾರ್ಥಿನಿಯರೇ ಹೊರತು ನಾವಲ್ಲ. ಅವರು ಗುರುತಿನ ಚೀಟಿಯನ್ನು ಮರೆತು ಬಂದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು!

ನಡುದಾರಿಯಲ್ಲಿ ಒಂದು ಅಳತೆ

ಅಂದಾಜು ಎಷ್ಟೇ ಚೆನ್ನಾಗಿರಲಿ, ನಡುವೆ ಅಳೆದು ನೋಡದಿದ್ದರೆ ದಾರಿ ತಪ್ಪುತ್ತದೆ. ಪಟ್ಟಣದಲ್ಲಿ ಹಣದ ತೂಕ ನಮ್ಮ ಕೈಗೆ ತಿಳಿಯುವುದಿಲ್ಲ. ಇದಕ್ಕೂ ಒಂದು ನಿಯಮವಿದೆ. ಕೈಯಲ್ಲಿ ಹಗುರವಾದ ವಸ್ತುವಿದ್ದಾಗ ಅದಕ್ಕೆ ಚೂರು ಭಾರ ಸೇರಿಸಿದರೂ ಗೊತ್ತಾಗುತ್ತದೆ. ಭಾರವಾದ ವಸ್ತುವಿದ್ದಾಗ ಅಷ್ಟೇ ಚೂರು ಗೊತ್ತಾಗುವುದಿಲ್ಲ. ಜರ್ಮನಿಯ ಎರ್ನ್ಸ್ಟ್ ವೇಬರ್ (1795–1878) ಕಂಡ ಈ ನಿಯಮ ಹಣಕ್ಕೂ ಬಹುಮಟ್ಟಿಗೆ ಹೊಂದುತ್ತದೆ. ಊರಿನಲ್ಲಿ ಕಾಫಿಗೆ ಐದು ರೂಪಾಯಿ ಹೆಚ್ಚು ಕೇಳಿದರೆ ಜಗಳವಾಡುವವನು ಪಟ್ಟಣದಲ್ಲಿ ನೂರಾರು ರೂಪಾಯಿಯ ಖರ್ಚಿನ ನಡುವೆ ಇಪ್ಪತ್ತು ರೂಪಾಯಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಫೋನಿನಿಂದ ಹಣ ತೆರುವಾಗಲಂತೂ ನೋಟು ಕೈಬಿಟ್ಟು ಹೋಗುವುದೂ ಕಾಣುವುದಿಲ್ಲ.

ಆದುದರಿಂದ ಮೊದಲನೆಯ ದಿನದ ರಾತ್ರಿ ಮಲಗುವ ಮುನ್ನ ಗಂಟು ಹಿಡಿದ ಇಬ್ಬರೂ ಎಲ್ಲರೆದುರು ಲೆಕ್ಕವನ್ನು ಓದಬೇಕು. ಹದಿನೈದು ನಿಮಿಷದ ಕೆಲಸ. ಅರ್ಧಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಮರುದಿನದ ಕಾರ್ಯಕ್ರಮವನ್ನು ಅಲ್ಲಿಯೇ ತಿದ್ದಬಹುದು. ತಿದ್ದುವಾಗ ಊಟಕ್ಕೆ ಕೈಹಾಕತಕ್ಕದ್ದಲ್ಲ. ವಸ್ತುಸಂಗ್ರಹಾಲಯಕ್ಕೆ ಅಂಟಿಕೊಂಡೇ ಕಬ್ಬನ್ ಉದ್ಯಾನವಿದೆ. ಅಲ್ಲಿ ಅಡ್ಡಾಡುವುದಕ್ಕೆ ಹಣ ಬೇಡ. ಅಲ್ಲಿಂದ ವಿಧಾನಸೌಧದ ಮುಂದಿನಿಂದ ಹಾದು ತಾರಾಲಯಕ್ಕೆ ಒಂದು ಗಂಟೆಯೊಳಗೆ ನಡೆದೇ ಹೋಗಬಹುದು. ತಾರಾಲಯಕ್ಕೆ ಸೋಮವಾರ ರಜೆಯೆಂಬುದನ್ನು ಮರೆತು ಹೋದವರು ಮಾತ್ರ ನಡೆದೂ ಕೆಟ್ಟರು, ಹಣವಿದ್ದೂ ಕೆಟ್ಟರು.

ಊರಿಗೆ ಮರಳಿದ ಮೇಲೆ ಉಳಿದ ಹಣವನ್ನು ಸಮನಾಗಿ ಹಂಚಿ, ಬಾಬುವಾರು ಲೆಕ್ಕವನ್ನು ಫಲಕದ ಮೇಲೆ ಹಾಕಿ, ಮುಂದಿನ ವರ್ಷದವರಿಗೆ ಒಂದು ಪ್ರತಿಯನ್ನು ತೆಗೆದಿಡಬೇಕು. ತಲೆಗೆ ಹನ್ನೆರಡು ರೂಪಾಯಿ ಉಳಿದರೂ ಸರಿ, ಅದು ಹಿಂದಿರುಗಬೇಕು. ಮುಂದಿನ ಸಲ ಹೇಳುವ ಸಂಖ್ಯೆಯನ್ನು ಮನೆಯವರು ನಂಬುವುದು ಈ ಹನ್ನೆರಡು ರೂಪಾಯಿಯ ಬಲದಿಂದ.

ಕಳೆದ ಸಲ ನಮ್ಮ ಪ್ರಕಟಣೆಯ ಕೊನೆಯ ಸಾಲು 800 ಎಂದಿತ್ತು. ಇನ್ನು ಮುಂದೆ ನಾವು ಬರೆಯುವ ಸಾಲು ಹೀಗಿರುತ್ತದೆ: "ಕೈಖರ್ಚಿಗೆ ಒಬ್ಬೊಬ್ಬರೂ 1100 ರೂಪಾಯಿಯನ್ನು ಸಾಮಾನ್ಯ ಗಂಟಿಗೆ ಕೊಡತಕ್ಕದ್ದು. ಇದಕ್ಕಿಂತ ಹೆಚ್ಚು ಕೇಳಲಾಗುವುದಿಲ್ಲ. ಉಳಿದುದನ್ನು ಹಿಂದಕ್ಕೆ ಕೊಡಲಾಗುವುದು. ಲೆಕ್ಕವನ್ನು ಕೆಳಗೆ ಕಾಣಿಸಿದೆ." ಸಂಖ್ಯೆ ಮೊದಲಿನದಕ್ಕಿಂತ ದೊಡ್ಡದಾಯಿತೆಂಬುದು ನಿಜ. ಆದರೆ ಅಂದು ಹೆಸರು ಕೊಡದೆ ಹಿಂದೆ ಸರಿದ ಹುಡುಗಿ ಈ ಸಾಲನ್ನು ಓದಿದರೆ, ಅದರಲ್ಲಿ ಬಚ್ಚಿಟ್ಟ 400 ರೂಪಾಯಿ ಇಲ್ಲವೆಂಬುದನ್ನು ತಾನೇ ಕೂಡಿ ಕಳೆದು ನೋಡಬಲ್ಲಳು. ಅವಳಿಗೆ ಆ ಲೆಕ್ಕವನ್ನು ತೋರಿಸಬೇಕಾದುದು ನಮ್ಮ ಹೊಣೆ. ಅದರಲ್ಲಿ ತಪ್ಪಿದ್ದರೆ ಎತ್ತಿ ತೋರಿಸುವುದು ವಿದ್ಯಾರ್ಥಿಗಳಾದ ನಿಮ್ಮ ಹಕ್ಕು.